ಗಂಟು ಮುಂದೆ ಹೋಯಿತು

ಗಿಡವೊಂದನ್ನು ಒಣಗಿಸಿ ದಪ್ಪ ಹಾಳೆಗೆ ಅಂಟಿಸಿದ ಮೇಲೆ ಅದರ ಬಲಗಡೆಯ ಕೆಳಮೂಲೆಗೆ ಒಂದು ಚೀಟಿ ಹಚ್ಚುತ್ತಾರೆ. ಗಿಡದ ಹೆಸರು, ಕುಟುಂಬ, ಸಿಕ್ಕ ಊರು, ತಾರೀಖು, ಕೊನೆಯಲ್ಲಿ ಸಂಗ್ರಹಿಸಿದವರ ಹೆಸರು. ಪುಣೆಯ ಒಂದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಈ ಚೀಟಿಗಳನ್ನು ಬರೆಯುವುದು ನನ್ನ ಕೆಲಸವಾಗಿತ್ತು. ಅಕ್ಷರ ದುಂಡಗಿದೆಯೆಂದು ನನಗೇ ಕೊಡುತ್ತಿದ್ದರು. ಒಂಬತ್ತು ವರ್ಷಗಳಲ್ಲಿ ನಾಲ್ಕು ಸಾವಿರದಷ್ಟು ಚೀಟಿ ಬರೆದಿರಬೇಕು. ಕೊನೆಯ ಸಾಲಿನಲ್ಲಿ ‘ಭಾಮಾ’ ಎಂದು ನನ್ನ ಹೆಸರನ್ನು ಒಂದು ಸಲವೂ ಬರೆದಿರಲಿಲ್ಲ. ಬರೆಯುವ ಪ್ರಸಂಗವೇ ಬಂದಿರಲಿಲ್ಲ.

ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗ ನಮ್ಮ ವರ್ಗ ಮೂರು ದಿನ ದಾಂಡೇಲಿ ಕಾಡಿಗೆ ಹೋಗಿತ್ತು. ಹುಡುಗಿಯರಲ್ಲಿ ಇಬ್ಬರಿಗಷ್ಟೇ ಮನೆಯಲ್ಲಿ ಒಪ್ಪಿಗೆ ಸಿಕ್ಕಿತು. ಆ ಇಬ್ಬರಲ್ಲಿ ನಾನಿರಲಿಲ್ಲ. ಗೆಳತಿ ತಂದುಕೊಟ್ಟ ಬಾಡಿದ ಟೊಂಗೆಗಳನ್ನು ಮುಂದಿಟ್ಟುಕೊಂಡು ರೆಕಾರ್ಡ್ ಪುಸ್ತಕದಲ್ಲಿ ಚಿತ್ರ ಬರೆದೆ. ಪ್ರಾಧ್ಯಾಪಕರು ಅಂಚಿನಲ್ಲಿ ಕೆಂಪು ಮಸಿಯಿಂದ, ‘ಅಚ್ಚುಕಟ್ಟಾಗಿದೆ. ಇದ್ದಲ್ಲಿಗೆ ಹೋಗಿ ನೋಡಿದ್ದಲ್ಲ’ ಎಂದು ಬರೆದರು. ಬೈದದ್ದಲ್ಲ, ಬರೀ ಟಿಪ್ಪಣಿ. ಆದರೂ ಹದಿಮೂರು ವರ್ಷ ಅದು ನನ್ನ ಜೊತೆಗೇ ಇತ್ತು.

ಆದ್ದರಿಂದ ೧೯೭೯ರ ಮೇ ತಿಂಗಳಲ್ಲಿ ಹುಲಿಗಳಿರುವ ತಾಡೋಬಾ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವುದೆಂದು ಠರಾಯಿಸಿದಾಗ ನನ್ನ ಗಂಡ ಮಾರ್ತಾಂಡ ಅದನ್ನು ಐದು ದಿನದ ರಜೆ ಎಂದುಕೊಂಡರು, ನಾನು ಬಾಕಿ ಉಳಿದ ಪರೀಕ್ಷೆ ಎಂದುಕೊಂಡೆ. ಅದಕ್ಕೂ ಮೊದಲು ಎರಡು ಸಲ ಇಂಥ ಯೋಜನೆ ಮುರಿದುಬಿದ್ದಿತ್ತು. ಒಮ್ಮೆ ಮಾರ್ತಾಂಡ ಸೂಪರ್‌ವೈಜರ್ ಆಗಿದ್ದ ಪಿಂಪ್ರಿಯ ಕಾರ್ಖಾನೆಯಲ್ಲಿ ಕಾರ್ಮಿಕರು ಕೆಲಸ ನಿಲ್ಲಿಸಿದ ಸಂಪು, ಇನ್ನೊಮ್ಮೆ ಅತ್ತೆ ನರ್ಮದಾಬಾಯಿಯವರು ಬಚ್ಚಲಲ್ಲಿ ಜಾರಿದ್ದು. ಮೂರನೆಯದು ತಪ್ಪಿದರೆ ನಾಲ್ಕನೆಯದನ್ನು ನಾನೇ ಎತ್ತಲಾರೆ ಎಂಬುದು ನನಗೆ ಗೊತ್ತಿತ್ತು.

ಜನವರಿಯಲ್ಲೇ ಕೆಲಸ ಶುರು ಮಾಡಿದೆ. ಕಾಡಿನೊಳಗಿನ ವಿಶ್ರಾಂತಿಗೃಹದಲ್ಲಿ ಒಂದು ಕೋಣೆಗಾಗಿ ಚಂದ್ರಪುರದ ಅರಣ್ಯ ಕಚೇರಿಗೆ ಪತ್ರ ಬರೆದೆ. ನಮ್ಮ ವಿಳಾಸ ಬರೆದು ಸ್ಟಾಂಪು ಹಚ್ಚಿದ ಲಕೋಟೆಯನ್ನೂ ಒಳಗಿಟ್ಟೆ. ಫೆಬ್ರುವರಿಯಲ್ಲಿ ಜ್ಞಾಪನಪತ್ರ, ಮಾರ್ಚಿನಲ್ಲಿ ಇನ್ನೊಂದು. ಏಪ್ರಿಲ್ ಹನ್ನೊಂದರಂದು ನನ್ನದೇ ಅಕ್ಷರದ ಲಕೋಟೆ ನನ್ನ ಕೈಗೆ ಬಂತು. ಮೇ ಹದಿನೈದರಿಂದ ಮೂರು ರಾತ್ರಿ ಒಂದು ಕೋಣೆ. ಅಕ್ಕಿ ಬೇಳೆ ತಂದರೆ ಅಡಿಗೆ ಮಾಡಿಕೊಡುತ್ತಾರೆ. ಮೊಹರಿರುವ ಈ ಮೂಲಪತ್ರ ತೋರಿಸದೆ ಕೋಣೆಯ ಬಾಗಿಲು ತೆರೆಯುವುದಿಲ್ಲ. ನಾನು ಅದರ ನಕಲನ್ನು ಕೈಯಲ್ಲಿ ಬರೆದಿಟ್ಟುಕೊಂಡೆ. ಮೊಹರನ್ನು ನಕಲು ಮಾಡಲು ಬರುವಂತಿರಲಿಲ್ಲ.

ಸಾಮಾನಿನ ಪಟ್ಟಿಯಲ್ಲಿ ನಲವತ್ತಮೂರು ವಸ್ತುಗಳಿದ್ದವು. ಪ್ರತಿಯೊಂದರ ಮುಂದೆ ‘ತಂದದ್ದು’ ಮತ್ತು ‘ಕಟ್ಟಿದ್ದು’ ಎಂಬ ಎರಡು ಚೌಕ. ಮಾರ್ತಾಂಡರ ಗೆಳೆಯರೊಬ್ಬರು ಕೊಟ್ಟ ದುರ್ಬೀನು ಎಡಗಣ್ಣಿಗೆ ಮಾತ್ರ ಸರಿಯಾಗಿ ತೋರಿಸುತ್ತಿತ್ತು. ಅದನ್ನೂ ಪಟ್ಟಿಯಲ್ಲಿ ಹಾಗೆಯೇ ನಮೂದಿಸಿದೆ. ಕಾಡಿನಲ್ಲಿ ಬಿಳಿಯ ಬಟ್ಟೆ ಉಡಬಾರದೆಂದು ಎಲ್ಲೋ ಓದಿ ಎರಡು ವಾಯಿಲ್ ಸೀರೆಗಳನ್ನು ಕಾಚಿನ ನೀರಲ್ಲಿ ಕುದಿಸಿ ಮಣ್ಣಿನ ಬಣ್ಣಕ್ಕೆ ತಂದೆ. ಅವು ಗಚ್ಚಿಯ ಮೇಲೆ ಒಣಗುತ್ತಿದ್ದಾಗ ಅತ್ತೆಯವರು ಬಂದು ಅಂಚನ್ನು ಹಿಡಿದು ನೋಡಿದರು.

“ಹುಲಿಗೆ ಕಾಣಬಾರದಂತ ನೀ ಬಣ್ಣ ಹಚ್ಚಿಕೋತೀದಿ. ಮತ್ತ ಅದು ಮಾತ್ರ ನಿನಗ ಕಾಣಬೇಕಂತಿ. ಇದ್ಯಾವ ನ್ಯಾಯನವಾ?”

ಅತ್ತೆಯವರ ತವರು ಧಾರವಾಡದ ಪಶ್ಚಿಮಕ್ಕೆ, ಕಾಡು ಶುರುವಾಗುವಲ್ಲಿ. ಅವರ ತಂದೆ ಅಳ್ನಾವರದ ಸಂತೆಗೆ ಹೊರಟಾಗಲೆಲ್ಲ, ದಾರಿಯಲ್ಲಿ ಹುಲಿ ಕಾಣದಿರಲಿ ಎಂದು ದೇವರ ಮುಂದೆ ದೀಪ ಹಚ್ಚಿ ಹೋಗುತ್ತಿದ್ದರಂತೆ. ಈಗ ಮಗ ಸೊಸೆ ಅದನ್ನು ನೋಡುವುದಕ್ಕೆಂದೇ ರಿಜರ್ವೇಶನ್ ಮಾಡಿಸಿದ್ದಾರೆಂದು ಪಕ್ಕದವರಿಗೆ ಹೇಳಿ ನಗುತ್ತಿದ್ದರು. ನಕ್ಕರೂ ತಾವೇ ಕೂತು ದಾರಿಗೆಂದು ಹಾಲಲ್ಲಿ ನಾದಿದ ದಶಮಿ ರೊಟ್ಟಿ ಬಡಿದುಕೊಟ್ಟರು, ಶೇಂಗಾ ಚಟ್ನಿ ಕುಟ್ಟಿಕೊಟ್ಟರು.

ಪಟ್ಟಿಯ ನಲವತ್ತಮೂರನೆಯ ವಸ್ತು ಕಪ್ಪು ರಟ್ಟಿನ ಒಂದು ನೋಟ್‌ಬುಕ್. ಉದ್ಯಾನದೊಳಗೆ ಎಲೆಯನ್ನೂ ಕೀಳುವಂತಿಲ್ಲ, ಆದ್ದರಿಂದ ಸಂಗ್ರಹದ ಮಾತಿಲ್ಲ, ನೋಡಿದ್ದನ್ನು ಬರೆಯಬಹುದು. ತಾರೀಖು, ವೇಳೆ, ಸ್ಥಳ, ಏನು, ಎಷ್ಟು, ಖಚಿತವೇ, ಕಂಡವರು. ಸ್ಕೇಲಿಟ್ಟು ಗೆರೆ ಎಳೆದಿದ್ದೆ. ಮೊದಲ ಸಾಲನ್ನು ಉದ್ಯಾನದ ಬಾಗಿಲು ದಾಟಿದ ಮೇಲೆಯೇ ಬರೆಯಬೇಕೆಂಬುದು ನನ್ನ ನಿಯಮ.

ಹೊರಡುವುದಕ್ಕೆ ಐದು ದಿನ ಇರುವಾಗ ಅತ್ತೆಯವರು ಪಂಚಾಂಗ ತೆಗೆದರು. ತಾಡೋಬಾ ನಮಗೆ ಪೂರ್ವಕ್ಕೆ, ನಮ್ಮ ಗಾಡಿ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ. ಸೋಮವಾರ ಪೂರ್ವ ದಿಕ್ಕಿಗೆ ಶೂಲ, ಹೊರಡಬಾರದು. ಟಿಕೆಟ್ ಬದಲಿಸಿದರೆ ಕೋಣೆಯ ತಾರೀಖು ತಪ್ಪುತ್ತದೆ ಎಂದು ನಾನು ವಿವರಿಸಿದೆ. ಮಾರ್ತಾಂಡ, ಸ್ಟೇಶನ್ನಿನವರೆಗೆ ಹಿಂದುಹಿಂದಕ್ಕೆ ನಡೆದು ಹೋಗುತ್ತೇನೆ, ನೋಡಿದವರಿಗೆ ಪಶ್ಚಿಮಕ್ಕೆ ಹೊರಟ ಹಾಗೆ ಕಾಣುತ್ತದೆ ಎಂದರು. ಅತ್ತೆಯವರು ಮಗನ ಕಡೆ ನೋಡಲೂ ಇಲ್ಲ. ಅವರ ಹತ್ತಿರ ಪರಿಹಾರ ಸಿದ್ಧವಾಗಿತ್ತು: ಗುರುವಾರ ಪ್ರಸ್ಥಾನ ಇಡುವುದು.

ಪ್ರಸ್ಥಾನವೆಂದರೆ ಇಷ್ಟೇ. ಒಳ್ಳೆಯ ದಿನ ನಾವು ಹೊರಡಲಾಗದಿದ್ದರೆ ನಮ್ಮ ಬದಲು ನಮ್ಮ ವಸ್ತುವೊಂದನ್ನು ಗಂಟು ಕಟ್ಟಿ, ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಡುವುದು. ಅದು ಹೊಸ್ತಿಲು ದಾಟಿತೆಂದರೆ ನಾವು ಹೊರಟ ಹಾಗೆಯೇ. ಆಮೇಲೆ ಯಾವ ದಿನವಾದರೂ ಹೋಗುವಾಗ ದಾರಿಯಲ್ಲಿ ಅದನ್ನು ಎತ್ತಿಕೊಂಡು ಮುಂದೆ ನಡೆಯಬಹುದು.

ಯಾರ ಮನೆಯಲ್ಲಿ ಇಡುವುದು ಎಂಬ ಪ್ರಶ್ನೆ ಬಂತು. ಚಿಂಚವಾಡದ ನಮ್ಮ ಕಾಲೊನಿಯಲ್ಲಿ ಮೇ ತಿಂಗಳೆಂದರೆ ಅರ್ಧ ಮನೆಗಳಿಗೆ ಕೀಲಿ, ಉಳಿದವರು ಹೊರಡುವ ತಯಾರಿಯಲ್ಲಿ. ಅತ್ತೆಯವರು ಪೂರ್ವದ ಗೋಡೆಯಾಚೆಗೆ ಬೆರಳು ತೋರಿಸಿದರು. ಅಲ್ಲಿ ಹೊಸ ಕಟ್ಟಡ ಏಳುತ್ತಿತ್ತು. ಕೆಲಸಕ್ಕೆ ಬಂದಿದ್ದ ಕಲಬುರ್ಗಿ ಕಡೆಯವರ ತಗಡಿನ ಶೆಡ್ಡುಗಳಲ್ಲಿ ಒಂದು ಮೇಸ್ತ್ರಿ ಅಂಬಾರಾಯನದು. ಅವನ ಹೆಂಡತಿ ಯಮನವ್ವ ನಮ್ಮ ಹಿತ್ತಲಿನ ನಳಕ್ಕೆ ನೀರಿಗೆ ಬರುತ್ತಿದ್ದಳು. ಇಡೀ ದಿನ ಮರಾಠಿ ಕೇಳಿ ಬೇಸತ್ತ ಅತ್ತೆಯವರಿಗೆ ಸಂಜೆ ಅವಳ ಮಾತು ಬೇಕು. ಒಬ್ಬರ ಕನ್ನಡ ಇನ್ನೊಬ್ಬರಿಗೆ ನಗು ಬರಿಸುತ್ತಿತ್ತು. ಶೆಡ್ಡಿಗೆ ಬಾಗಿಲೇ ಇಲ್ಲ, ಹಾಗಾಗಿ ಕೀಲಿಯ ಭಯವಿಲ್ಲ ಎಂಬುದು ಅತ್ತೆಯವರ ಲೆಕ್ಕ.

ಗುರುವಾರ ಬೆಳಿಗ್ಗೆ ಕೆಂಪು ವಸ್ತ್ರದಲ್ಲಿ ಒಂದು ಹಿಡಿ ಅಕ್ಕಿ, ಅಡಿಕೆ, ಅರಿಷಿಣದ ಕೊಂಬು ಇಟ್ಟು, ಪ್ರಯಾಣದ ವಸ್ತುವೆಂದು ಮಾರ್ತಾಂಡರ ಕರವಸ್ತ್ರವನ್ನು ಮೇಲಿಟ್ಟರು. ಇಲ್ಲಿ ನಾನು ಬಾಯಿ ಹಾಕಿದೆ. ಕರವಸ್ತ್ರವಿಲ್ಲದೆಯೂ ಪ್ರಯಾಣ ನಡೆಯುತ್ತದೆ, ಹಾಗಿದ್ದ ಮೇಲೆ ಅದು ನಮ್ಮ ಬದಲು ಹೋದದ್ದು ಹೇಗಾಗುತ್ತದೆ ಎಂದು ಕೇಳಿದೆ. ನನಗೆ ಶೂಲದಲ್ಲಿ ನಂಬಿಕೆಯಿರಲಿಲ್ಲ. ಆದರೆ ಪ್ರಯೋಗವೆಂದ ಮೇಲೆ ಅದರ ಷರತ್ತುಗಳನ್ನು ಸರಿಯಾಗಿ ಪಾಲಿಸಬೇಕು ಎಂಬುದರಲ್ಲಿತ್ತು. ಅತ್ತೆಯವರು, ನಾನು ಹೇಳುವುದು ಖರೆ, ಹಿಂದಿನವರು ಕೈಕೋಲು, ಜೋಡು ಇಡುತ್ತಿದ್ದರು ಎಂದರು. ಮಾರ್ತಾಂಡ ಟಿಕೆಟ್ಟುಗಳನ್ನು ಕಿಸೆಯಿಂದ ತೆಗೆಯಲು ಒಪ್ಪಲಿಲ್ಲ. ನಾನು ಕಪಾಟಿಗೆ ಹೋಗಿ, ಮೊಹರಿರುವ ಮೂಲಪತ್ರವನ್ನು ತಂದು ನಾಲ್ಕಾಗಿ ಮಡಚಿ, ಅಕ್ಕಿಯ ಮೇಲಿಟ್ಟು ಗಂಟು ಹಾಕಿದೆ. ಪ್ರಯೋಗಶಾಲೆಯಲ್ಲಿ ಒಂದೇ ಇರುವ ಮಾದರಿಯನ್ನು ಎಂದೂ ಹೊರಗೆ ಕೊಡಬಾರದೆಂದು ಹೊಸಬರಿಗೆ ಹೇಳಿಕೊಡುತ್ತಿದ್ದವಳು ನಾನೇ.

ಯಮನವ್ವನಿಗೆ ಅತ್ತೆಯವರು ಕಟ್ಟುನಿಟ್ಟಾಗಿ ಹೇಳಿದರು: ನೆಲಕ್ಕೆ ಇಡಬಾರದು, ಬೇರೆಯವರ ಕೈಗೆ ಕೊಡಬಾರದು, ಏನೇ ಆಗಲಿ ನಮ್ಮ ಮನೆಗೆ ಹಿಂದಿರುಗಿ ಬರಬಾರದು. ಯಮನವ್ವ ಬೆರಳು ಮಡಚುತ್ತ ಮೂರನ್ನೂ ತಿರುಗಿ ಹೇಳಿ ಒಪ್ಪಿಸಿದಳು.

ಭಾನುವಾರ ಮಾರ್ತಾಂಡರಿಗೆ ರಜೆಯ ಬದಲಿಗೆ ಪಾಳಿ ಇತ್ತು. ಸಂಜೆಯ ಹೊತ್ತಿಗೆ ಎಂಬತ್ತಾರು ಚೌಕಗಳಲ್ಲಿ ಎಂಬತ್ತೈದಕ್ಕೆ ಗುರುತು ಬಿದ್ದಿತ್ತು. ಉಳಿದದ್ದು ಪತ್ರದ ಮುಂದಿನ ‘ಕಟ್ಟಿದ್ದು’. ಬೆಳಿಗ್ಗೆ ಎಷ್ಟು ಹೊತ್ತಿಗೆ ಗಂಟು ಎತ್ತಿಕೊಳ್ಳಲು ಬರುತ್ತೇವೆಂದು ಯಮನವ್ವನಿಗೆ ಹೇಳಿಬರೋಣವೆಂದು ಗೋಡೆ ಸುತ್ತಿ ಆಚೆ ಹೋದೆ.

ಶೆಡ್ಡು ಇರಲಿಲ್ಲ. ಕಂಬ ನೆಟ್ಟಿದ್ದ ನಾಲ್ಕು ಕುಣಿ, ಮೂರು ಕಲ್ಲಿನ ಒಲೆ, ಒಲೆಯಲ್ಲಿ ತಣ್ಣಗಿನ ಬೂದಿ. ಅಕ್ಕಪಕ್ಕದ ಶೆಡ್ಡುಗಳೂ ಹಾಗೆಯೇ.

ಕಟ್ಟಡದ ವಾಚ್‌ಮನ್ ಫಕೀರಪ್ಪ ಬಂದು ನಡೆದದ್ದನ್ನು ಹೇಳಿದ. ಕಂತ್ರಾಟುದಾರನ ಲಾರಿ ನಿನ್ನೆ ಸಂಜೆ ದಿಢೀರನೆ ಬಂತು, ತಗಡು ಪಾತ್ರೆ ಮಂದಿ ಎಲ್ಲವನ್ನೂ ತುಂಬಿಕೊಂಡು ಶಿರೂರಿಗೆ ಹೋಯಿತು. ಅಲ್ಲಿ ಹೊಸ ಕೆಲಸ. ಅಂಬಾರಾಯ ಓಡಿ ಬಂದು ನಮ್ಮ ಬಾಗಿಲು ಬಡಿದಿದ್ದ. ನಾವಿಬ್ಬರೂ ಟಾರ್ಚಿನ ಸೆಲ್ಲು ತರಲು ಪೇಟೆಗೆ, ಅತ್ತೆಯವರು ಭಜನೆಗೆ ಹೋಗಿದ್ದ ಹೊತ್ತು ಅದು. ಗಂಟನ್ನು ನಿನ್ನ ಕೈಗಾದರೂ ಕೊಡಬಾರದಿತ್ತೇ ಎಂದು ಕೇಳಿದೆ.

“ನಾನೂ ಅಂದೆ ಬಾಯಾರ. ಬ್ಯಾರೇದವರ ಕೈಗಿ ಕೊಡಬಾರ್ದು, ತಿರುಗಿ ಅವರ ಮನೀಗೂ ಒಯ್ಯಬಾರ್ದು ಅಂತ ಆಕಿ ಹಟ ಹಿಡದ್ಳು. ಎದಿಗಿ ಅವಚಿಕೊಂಡು ಲಾರಿ ಏರಿದ್ಳು.”

ನಾನು ಒಲೆಯ ಕಲ್ಲಿನ ಮೇಲೆ ಕೂತುಬಿಟ್ಟೆ. ಅವಳ ಮೇಲೆ ಸಿಟ್ಟು ಮಾಡಲು ಏನಾದರೂ ಸಿಗುತ್ತದೆಯೇ ಎಂದು ಹುಡುಕಿದೆ. ಹೇಳಿದ ಮೂರನ್ನೂ ಅವಳು ಅಕ್ಷರಶಃ ಪಾಲಿಸಿದ್ದಳು. ಒಂದೇ ಇದ್ದ ಕಾಗದವನ್ನು ಬಾಗಿಲಿಲ್ಲದ ಶೆಡ್ಡಿಗೆ ಕಳಿಸಿದವಳು ನಾನು. ಕೆಂಪು ಮಸಿಯ ಟಿಪ್ಪಣಿ ಇನ್ನೊಂದು ಸಲ ಬಿದ್ದ ಹಾಗಾಯಿತು.

ಏಳಕ್ಕೆ ಮಾರ್ತಾಂಡ ಬಂದರು. ನಕಲು ತೋರಿಸಿ ಕೇಳಿಕೊಂಡರೆ ಕೋಣೆ ಕೊಟ್ಟಾರು ಎಂದರು. ಕೊಡದಿದ್ದರೆ ಮೇ ಬಿಸಿಲಿನಲ್ಲಿ, ಕಾಡಿನ ನಡುವೆ, ನಲವತ್ತೆರಡು ವಸ್ತುಗಳೊಂದಿಗೆ ನಿಲ್ಲಬೇಕು ಎಂದೆ. ಮುಂದಕ್ಕೆ ಹಾಕೋಣವೆಂದರೆ ಮತ್ತೆ ಪತ್ರ, ಮತ್ತೆ ನಾಲ್ಕು ತಿಂಗಳು, ಅಷ್ಟರಲ್ಲಿ ಮಳೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ತಂದುಬಿಡುತ್ತೇನೆ ಎಂದರು. ಹನ್ನೊಂದರೊಳಗೆ ವಾಪಸು ಬರುವುದು ಆಗದ ಮಾತು. ಅದೂ ಅಲ್ಲದೆ, ಪ್ರಸ್ಥಾನವನ್ನು ಹಿಂದಕ್ಕೆ ತರುವ ಮಾತೆತ್ತಿದ್ದಕ್ಕೇ ಅತ್ತೆಯವರ ಮುಖ ಬಿಗಿಯಿತು.

ನಾನು ರೈಲ್ವೆ ವೇಳಾಪಟ್ಟಿ ತೆಗೆದೆ. ಬೇರೇನೂ ತೋಚದಾಗ ವೇಳಾಪಟ್ಟಿ ಓದುವುದು ನನ್ನ ರೂಢಿ. ನಮ್ಮ ಗಾಡಿ ಪುಣೆಯಿಂದ ದೌಂಡಿಗೆ ಇಳಿದು, ಅಲ್ಲಿ ಎಂಜಿನ್ನನ್ನು ಬಿಚ್ಚಿ ಇನ್ನೊಂದು ತುದಿಗೆ ಜೋಡಿಸಿಕೊಂಡು, ಬಡಗಣಕ್ಕೆ ತಿರುಗಿ ಅಹಮದನಗರಕ್ಕೆ, ಇಲ್ಲಿಯವರ ಬಾಯಲ್ಲಿ ಬರೀ ‘ನಗರ’ಕ್ಕೆ, ಬರುವುದು ಮಧ್ಯಾಹ್ನ ನಾಲ್ಕರ ಸುಮಾರಿಗೆ. ಮೋಟಾರು ರಸ್ತೆ ಮಾತ್ರ ಪುಣೆಯಿಂದ ನೇರವಾಗಿ ನಗರಕ್ಕೆ. ತ್ರಿಕೋನದ ಎರಡು ಬಾಹುಗಳು ರೈಲಿನವು, ಮೂರನೆಯದು ಬಸ್ಸಿನದು. ಆ ಮೂರನೆಯ ಬಾಹುವಿನ ಅರ್ಧದಲ್ಲಿ ಶಿರೂರು. ಗಂಟು ತಿರುಗಿ ಬರಬೇಕಾಗಿಯೇ ಇರಲಿಲ್ಲ. ಒಬ್ಬರು ಸಾಮಾನಿನ ಜೊತೆ ಗಾಡಿಯಲ್ಲಿ ಬಂದರೆ, ಇನ್ನೊಬ್ಬರು ಗಂಟನ್ನು ಎತ್ತಿಕೊಂಡು ನಗರದಲ್ಲಿ ಅದೇ ಗಾಡಿ ಹತ್ತಬಹುದು.

ಕಾಗದದ ಮೇಲೆ ಗೆರೆ ಎಳೆದು ತೋರಿಸಿದೆ. ಮಾರ್ತಾಂಡ ಎರಡು ಸಲ ನೋಡಿ ಒಪ್ಪಿ, ಹಾಗಾದರೆ ಬಸ್ಸಿಗೆ ತಾವು ಹೋಗುವುದಾಗಿ ಹೇಳಿದರು. ಅತ್ತೆಯವರು ಅಡ್ಡ ಬಂದರು.

“ನಿನಗ ಯಮನವ್ವನ ಮಾರಿ ಗೊತ್ತದ ಏನು? ಕಾಗದ ಹಾಕಿದ ಕೈ ಇಕೀದು. ಇಟ್ಟವರಽ ಎತ್ತಬೇಕು.”

“ಒಬ್ಬಾಕಿನಽ ಹೋಗಬೇಕೇನವ್ವಾ?” ಎಂದರು ಮಾರ್ತಾಂಡ.

“ಹುಲಿ ಇದ್ದಲ್ಲಿ ಹೋಗಾಕಿ ಶಿರೂರಿಗೆ ಹೋಗಲಾರಳೇನು?” ಎಂದು ನನ್ನ ಕಡೆ ತಿರುಗಿದರು. “ಅಂಜಬ್ಯಾಡ. ನೀ ಗುರುವಾರನಽ ಹೊಂಟೀದಿ. ಈಗ ದಾರ್ಯಾಗ ಇದ್ದೀ ಅಷ್ಟ.”

ಸೋಮವಾರ ಮೊದಲ ಲೋಕಲ್ಲಿಗೆ ಶಿವಾಜಿನಗರಕ್ಕೆ ಬಂದು ಆರೂವರೆಯ ಕೆಂಪು ಬಸ್ಸು ಹತ್ತಿದೆ. ಕೈಯಲ್ಲಿ ಒಂದು ಚೀಲ. ಅದರಲ್ಲಿ ನೀರಿನ ಬಾಟಲಿ, ನಾಲ್ಕು ದಶಮಿ, ಕಪ್ಪು ನೋಟ್‌ಬುಕ್. ಮಣ್ಣಿನ ಬಣ್ಣದ ಸೀರೆ ಉಟ್ಟಿದ್ದೆ. ಕಂಡಕ್ಟರು ನನ್ನನ್ನು ದಾಟಿ ಹಿಂದಿನವರಿಗೆ ಟಿಕೆಟ್ ಹರಿದ. ಸೀರೆ ಕೆಲಸ ಮಾಡುತ್ತಿದೆ ಎಂದುಕೊಂಡೆ.

ಒಂಬತ್ತಕ್ಕೆ ಮುಂಚೆಯೇ ಶಿರೂರು ಬಂತು. ಮಾರ್ಕೆಟ್ ಯಾರ್ಡಿನಲ್ಲಿ ಗೋದಾಮು ಕಟ್ಟುತ್ತಿದ್ದಾರೆಂದು ಯಾರೋ ಹೇಳಿದರು. ಅಲ್ಲಿ ಹೋದರೆ ಕಟ್ಟುವವರು ಆ ಊರಿನವರೇ. ಎರಡನೆಯ ಕಡೆ ಕೆಲಸವೇ ನಿಂತಿತ್ತು. ಹತ್ತೂವರೆಯಾಯಿತು. ಮಾರ್ತಾಂಡ ಈಗ ಪುಣೆ ಸ್ಟೇಶನ್ನಿನಲ್ಲಿ ಹಮಾಲನ ಜೊತೆ ವಾದಿಸುತ್ತಿರಬೇಕು. ಹನ್ನೆರಡೂವರೆಯೊಳಗೆ ಗಂಟು ಸಿಗದಿದ್ದರೆ ಬರಿಗೈಯಲ್ಲಿ ನಗರಕ್ಕೆ ಹೋಗಿ, ಗಾಡಿಯಿಂದ ಅವರನ್ನೂ ಸಾಮಾನನ್ನೂ ಇಳಿಸಿ, ಮನೆಗೆ ಮರಳಬೇಕೆಂದು ನನ್ನೊಳಗೇ ಗಡುವು ಹಾಕಿಕೊಂಡೆ. ಚಹದಂಗಡಿಯವನೊಬ್ಬ, ನಿಮ್ಮ ಹಾಗೆಯೇ ಮಾತಾಡುವ ಮಂದಿ ಹೊಳೆಯ ದಂಡೆಯಲ್ಲಿ ಇಳಿದಿದ್ದಾರೆ ಎಂದು ಮರಾಠಿಯಲ್ಲಿ ಹೇಳಿದ. ನಾನು ಅವನ ಜೊತೆ ಮರಾಠಿಯಲ್ಲೇ ಮಾತಾಡಿದ್ದೆ, ಆದರೂ ಅವನಿಗೆ ಗೊತ್ತಾಗಿತ್ತು.

ಹೊಳೆಯ ದಂಡೆಯಲ್ಲಿ ತಗಡುಗಳು ಇನ್ನೂ ಒಂದರ ಮೇಲೊಂದು ಪೇರಿಸಿಕೊಂಡೇ ಬಿದ್ದಿದ್ದವು. ಶೆಡ್ಡು ಹಾಕಲು ಪುರುಸೊತ್ತು ಕೊಡದೆ ಕೆಲಸಕ್ಕೆ ಹಚ್ಚಿದ್ದರು. ಇಟ್ಟಿಗೆ ಹೊತ್ತು ಸಾಲಿನಲ್ಲಿ ಬರುತ್ತಿದ್ದ ಹೆಂಗಸರಲ್ಲಿ ಮೂರನೆಯವಳು ಯಮನವ್ವ. ನನ್ನನ್ನು ಕಂಡು ನಿಂತಳು. ತಲೆಯ ಮೇಲೆ ಎಂಟು ಇಟ್ಟಿಗೆ. ನಡುವಿಗೆ, ಸೆರಗಿನ ಒಳಗೆ, ಬಿಗಿದು ಕಟ್ಟಿದ ಕೆಂಪು ಗಂಟು.

“ನೆಲಕ್ಕ ಇಡಬ್ಯಾಡ ಅಂದಿದ್ರು ನಿಮ್ಮ ಅತ್ತಿಯೋರು,” ಎಂದಳು. “ಇಲ್ಲಿ ಗ್ವಾಡಿನೇ ಎದ್ದಿಲ್ರಿ ಅಕ್ಕಾರ. ಎಲ್ಲಿ ತೂಗ ಹಾಕ್ಬೇಕು? ಶನಿವಾರದಿಂದ ಹಿಂಗೇ ಕಟ್ಕೊಂಡು ಮಲಗ್ಲತ್ತೀನಿ. ಏನಾರ ತಪ್ಪಾಯ್ತೇನ್ರಿ?”

ತಪ್ಪಾಗಿಲ್ಲ ಎಂದೆ. ಗಂಟು ಬಿಚ್ಚಿದೆ. ಬೆವರಿಗೆ ಅರಿಷಿಣ ಕರಗಿ ಪತ್ರದ ಎರಡು ಮಡಿಕೆಗಳು ಹಳದಿಯಾಗಿದ್ದವು. ಮೊಹರು ಮೂಲೆಯಲ್ಲಿ ನೀಲಿಯಾಗಿ, ಪೂರ್ತಿಯಾಗಿ, ಓದುವಂತೆ ಇತ್ತು. ಅದರೊಳಗೆ ಕಾಗದ ಇತ್ತೆಂದೇ ಅವಳಿಗೆ ಗೊತ್ತಿರಲಿಲ್ಲ, ಬಿಚ್ಚಿ ನೋಡಿದವಳಲ್ಲ. ಎರಡು ದಿನ ಅವಳು ಹೊತ್ತದ್ದು ತನಗೆ ಸಂಬಂಧವಿಲ್ಲದ ಬೇರೆಯವರ ಪ್ರಯಾಣವನ್ನು. ಚೀಲದಲ್ಲಿದ್ದ ದಶಮಿಗಳನ್ನೆಲ್ಲ ಅವಳ ಕೈಗೆ ಕೊಟ್ಟೆ.

ಅಂಬಾರಾಯ ಬಂದು, ತ್ರಾಸಾಯಿತೆಂದು ಹತ್ತು ಸಲ ಹೇಳಿ ಚಹ ತರಿಸಿದ. ಇಷ್ಟೆಲ್ಲ ಎಲ್ಲಿಗೆ ಹೋಗುವುದಕ್ಕೆ ಎಂದು ಕೇಳಿದ. ಕಾಡಿನಲ್ಲಿ ಹುಲಿ ನೋಡುವುದಕ್ಕೆ ಎಂದೆ. ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಿದರು. ಯಾವುದೋ ದೇವಸ್ಥಾನವೆಂದು ಅವರು ತಿಳಿದಿದ್ದರು. ಯಮನವ್ವ ನಗು ತಡೆದುಕೊಂಡು, ಸರ್ಕಸ್ಸಿನ ಹುಲಿಗಿಂತ ಅದು ದೊಡ್ಡದಿರುತ್ತದೆಯೋ ಸಣ್ಣದೋ ನೋಡಿ ಬಂದು ಹೇಳಬೇಕು ಎಂದಳು. ಹೇಳುತ್ತೇನೆ ಎಂದೆ. ಅಂಬಾರಾಯ ರಸ್ತೆಯವರೆಗೆ ಬಂದು, ಎರಡೂ ಕೈ ಚಾಚಿ ನಡುರಸ್ತೆಯಲ್ಲಿ ನಿಂತು, ನಗರದ ಬಸ್ಸನ್ನು ನಿಲ್ಲಿಸಿ ಹತ್ತಿಸಿದ.

ಕಿಟಕಿಯ ಜಾಗ ಸಿಕ್ಕಿತು. ಶಿರೂರು ದಾಟಿದ ಮೇಲೆ ಬಯಲು. ಒಣಹುಲ್ಲು, ಅಲ್ಲಲ್ಲಿ ಜಾಲಿಗಿಡ, ಮೇಲೆ ಬಿಳಿಚಿದ ಆಕಾಶ. ಸುಪಾ ಎಂಬ ಊರಿನ ಈಚೆಗೆ ಏರಿನಲ್ಲಿ ಬಸ್ಸು ನಿಧಾನವಾಯಿತು. ಹುಲ್ಲಿನ ಬಣ್ಣದ್ದೇ ಏನೋ ಹುಲ್ಲಿನಿಂದ ಬೇರೆಯಾಯಿತು. ತೆಳ್ಳನೆಯ ಕಾಲು, ನೆಟ್ಟಗಿನ ಸಣ್ಣ ಕೋಡು, ಬಸ್ಸಿನ ಕಡೆ ತಿರುಗಿದ ಮುಖ. ಒಂದರ ಹಿಂದೆ ಇನ್ನೆರಡು. ಎಡಗಣ್ಣಿನ ದುರ್ಬೀನು ರೈಲಿನಲ್ಲಿತ್ತು. ಕಣ್ಣು ಕೀಳದೆ ಕ್ಷಣಗಳನ್ನು ಎಣಿಸಿದೆ. ಹನ್ನೆರಡರವರೆಗೆ ಎಣಿಸುವಷ್ಟರಲ್ಲಿ ಅವು ಬಾಲ ಅಲ್ಲಾಡಿಸುತ್ತ ಜಿಗಿದು ಹಳ್ಳದಲ್ಲಿ ಇಳಿದುಹೋದವು.

ಪಕ್ಕದಲ್ಲಿದ್ದ ಮುಂಡಾಸದ ರೈತ ನನ್ನ ಮುಖ ನೋಡಿ, ಅವು ಚಿಂಕಾರ ಹುಲ್ಲೆ, ದಿನಾ ನಮ್ಮ ಶೇಂಗಾ ಹೊಲ ಮೇಯುತ್ತವೆ, ನೀವು ನೋಡೇ ಇಲ್ಲವೇ ಎಂದು ಮರಾಠಿಯಲ್ಲಿ ಕೇಳಿದ. ಹಾಳೆಯ ಮೇಲೆ ನೋಡಿದ್ದೇನೆ ಎಂದೆ. ಅವನಿಗೆ ಅದು ಅರ್ಥವಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ನಿಯಮ ಮುರಿದು ನೋಟ್‌ಬುಕ್ ತೆಗೆದೆ.

ಗಾಡಿ ನಗರಕ್ಕೆ ನಲವತ್ತು ನಿಮಿಷ ತಡವಾಗಿ ಬಂತು. ಮಾರ್ತಾಂಡ ಬಾಗಿಲಲ್ಲಿ ನೇತಾಡುತ್ತ ಹೆಂಗಸರ ಗುಂಪುಗಳನ್ನೆಲ್ಲ ಹುಡುಕುತ್ತಿದ್ದರು. ಮಣ್ಣಿನ ಬಣ್ಣದ ಸೀರೆ ಅವರಿಗೂ ಕಾಣಲಿಲ್ಲ. ನಾನೇ ಹೋಗಿ ಕೈ ಹಿಡಿದೆ. ಒಳಗೆ ಕೂತ ಮೇಲೆ ಪತ್ರ ಕೊಟ್ಟೆ. ಬಿಚ್ಚಿ, ಮೊಹರು ನೋಡಿ, ಹಳದಿ ಮಡಿಕೆಗಳನ್ನು ಮೂಸಿ ನೋಡಿ ಕಿಸೆಯಲ್ಲಿಟ್ಟುಕೊಂಡರು. ಆಮೇಲೆ ಅವರ ಕಣ್ಣು ನೋಟ್‌ಬುಕ್ಕಿನ ಮೇಲೆ ಬಿತ್ತು.

‘೧೪ ಮೇ. ಮಧ್ಯಾಹ್ನ ೧೨-೧೦. ಸುಪಾ ಊರಿನ ಈಚೆ, ಬಸ್ಸಿನಿಂದ. ಚಿಂಕಾರ. ಮೂರು.’

“ಖಚಿತವೇ ಅನ್ನೋದರ ಕೆಳಗ ಪ್ರಶ್ನಾರ್ಥಕ ಹಾಕೀಯಲ್ಲ,” ಎಂದರು.

“ಹೆಸರು ಹೇಳಿದ್ದು ಬಾಜೂಕ ಕೂತ ರೈತರಿ. ನಾ ಬರೇ ನೋಡಿದೆ.”

ಅವರು ಕಿಟಕಿಯ ಜಾಗ ಬಿಟ್ಟುಕೊಟ್ಟರು. ಗಾಡಿ ಹೊರಟಿತು. ನಾನು ಪೆನ್ಸಿಲ್ ತೆಗೆದುಕೊಂಡು, ಬಸ್ಸಿನ ಕುಲುಕಾಟದಲ್ಲಿ ಬರೆಯಲು ಮನಸ್ಸಾಗದೆ ಖಾಲಿ ಬಿಟ್ಟಿದ್ದ ಕೊನೆಯ ಚೌಕದಲ್ಲಿ, ‘ಕಂಡವರು’ ಎಂಬುದರ ಕೆಳಗೆ, ನನ್ನ ದುಂಡಗಿನ ಅಕ್ಷರದಲ್ಲಿ ನನ್ನ ಹೆಸರು ಬರೆದೆ.